ರೀಸ್ಟಾರ್ಟ್ ಒಪ್ಪದ ಸಮ್ರೀನ್

ಓಣಿಯಲ್ಲಿ ಶೇಂಗಾ ಸುಲಿಯುವ ಯಂತ್ರ ಗಡಗಡ ಶುರುವಾಗುವ ಹೊತ್ತಿಗೆ, ಜಗಳೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಸಮ್ರೀನ್‌ಗೆ ದಿನದ ಮೊದಲ ಸಿಟ್ಟು ಬಂದಿರುತ್ತದೆ. ಅವಳೆದುರು ‘ರೀಸ್ಟಾರ್ಟ್’ ಎನ್ನುವಂತಿಲ್ಲ. ವಿದ್ಯಾರ್ಥಿಗಳೆಲ್ಲರ ಕೆಲಸ ತೆರೆದಿರುವುದು ಒಂದೇ ಸರ್ವರಿನಲ್ಲಿ; ಅದನ್ನು ಆರಿಸಿದರೆ ಉಳಿಸದ ಕೆಲಸವೆಲ್ಲ ಹೋದಂತೆ. ಅದರ ನೆಟ್‌ವರ್ಕ್ ನಡೆಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಮುನಿದರೆ ಅದೊಂದನ್ನೇ ಇಳಿಸಿ ಮತ್ತೆ ಏರಿಸಬೇಕು, ಎಲ್ಲವನ್ನೂ ಯಾಕೆ ಆರಿಸಬೇಕು ಎಂಬುದು ಅವಳ ಜಗಳ. ಇಳಿಸುವುದಕ್ಕೂ ಒಂದು ರೀತಿಯಿದೆ: ಹೊಸ ಕೆಲಸ ನಿಲ್ಲಿಸಿ, ಅರ್ಧದಲ್ಲಿರುವುದು ಮುಗಿಯುವ ತನಕ ಕಾದು, ಆಗಾಗ ಡ್ರೈವರನ್ನು ಕರೆಯಲೆಂದು ಇಟ್ಟ ಟೈಮರ್ ರದ್ದು ಮಾಡಬೇಕು. ಡ್ರೈವರ್ ಬರೆದ ಪುಣ್ಯಾತ್ಮರು ಟೈಮರ್ ರದ್ದು ಮಾಡುವುದನ್ನೇ ಮರೆತಿದ್ದರು. ಡ್ರೈವರ್ ಹೋದ ಮೇಲೂ ಅದು ಡ್ರೈವರನ್ನೇ ಕರೆಯುತ್ತಿತ್ತು, ಇಡೀ ಸರ್ವರ್ ಕುಸಿಯುತ್ತಿತ್ತು. “ಜನ ಇಳಿಯೋ ಮೊದ್ಲೇ ಬಸ್ ಬಿಚ್ತಾರೇನ್ರೀ?” ಎಂದು ಕ್ಯಾಂಟೀನಿನಲ್ಲಿ ಚಹಾ ಕೊಡುವವರನ್ನೂ ಕೇಳುತ್ತಾಳೆ. “ಮೇಡಂ ಮದುವೆ ಊಟದಾಗೂ ಟೈಮರ್ ಹುಡುಕ್ತಾರೆ” ಎಂದು ಗುಮಾಸ್ತ ರುದ್ರಮುನಿ ನಗುತ್ತಾನೆ. ಕೊನೆಗೆ ಭಾನುವಾರ ಕೂತು ಆ ಸಾಲುಗಳನ್ನು ತಾನೇ ತಿದ್ದಿದಳು. ಇವತ್ತು ಇಪ್ಪತ್ತು ಮಂದಿ ಪ್ರಾಜೆಕ್ಟ್ ಬರೆಯುತ್ತಿರುವಾಗ ನೆಟ್‌ವರ್ಕ್ ನಿಂತೇಹೋಯಿತು. ರುದ್ರಮುನಿ ಗೋಡೆಯ ಮೇಲಿದ್ದ ಸರ್ವರಿನ ಸ್ವಿಚ್ಚಿಗೆ ಕೈ ಚಾಚಿದ. “ಮುಟ್ಟಬ್ಯಾಡ್ರಿ!” ಎಂದು ಸಮ್ರೀನ್ ಕೂಗಿದಳು. “ಎರಡು ನಿಮಿಷದ ಕೆಲ್ಸ, ಮೇಡಂ. ಇಷ್ಟಕ್ಕೆಲ್ಲ ಯಾಕೆ ಹಿಂಗೆ ಉರೀತೀರಿ?” ಸಮ್ರೀನ್‌ಳ ದನಿ ಮೊದಲ ಸಲ ತಗ್ಗಿತು. “ಹೋದ್ವರ್ಷ ಸರ್ವರ್ ಆಫ್ ಮಾಡಿದ್ದು ನಾನೇ ರೀ. ಬಿಳಿಚೋಡಿಂದ ಓದಾಕ್ ಬರೋ ಕಲ್ಪನಾಗೆ ಮನೇಲಿ ಕಂಪ್ಯೂಟರ್ ಇಲ್ಲ, ಆಕೀ ಪ್ರಾಜೆಕ್ಟ್ ಅಷ್ಟೂ ಅಳಿಸಿಹೋಯ್ತು. ಬೈಲಿಲ್ಲ, ಅಳಲಿಲ್ಲ, ಬ್ಯಾಗ್ ಎತ್ಕೊಂಡು ನನ್ನ ಕಡೆ ಒಂದ್ಸಲ ತಿರುಗಿ ನೋಡಿ—” ಎನ್ನುತ್ತಲೇ ಅವಳು ಡ್ರೈವರೊಂದನ್ನೇ ಇಳಿಸಿ ಏರಿಸಲು ಸರ್ವರಿನ ಕೋಣೆಯತ್ತ ನಡೆದುಬಿಟ್ಟಳು.