ಬೂದಿಗುಂಡಿಗೆ ಕೊಪ್ಪರಿಗೆಯ ಅಳತೆ

ನಲವತ್ತಕ್ಕೆ ಒಂದು, ಅರವತ್ತಕ್ಕೆ ಒಂದು, ತೊಂಬತ್ತಕ್ಕೆ ಒಂದು. ಇದು ಯಾವ ಮಗ್ಗಿ ಅಜ್ಜಿ ಅಂತ ಮೊಮ್ಮಕ್ಕಳು ಕೇಳಿ ನಗುತ್ತಾರೆ. ನಗಲಿ ಬಿಡಿ. ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ ನಾನು ಕಲಿತ ಪಾಠ ಇದು. ನಮ್ಮ ಮನೆಯವರು ನಗರದ ಚರಂಡಿ ಕೆಲಸದಲ್ಲಿ ಓವರ್ಸಿಯರು. ಊಟಕ್ಕೆ ಕೂತರೂ ಪಕ್ಕದಲ್ಲಿ ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ತರಿಸಿದ ಒಂದು ದಪ್ಪ ಪುಸ್ತಕ ಇರಬೇಕು. ಅನ್ನ ಕಲಸುತ್ತಾ ಗೊಣಗಿಕೊಳ್ಳೋರು: ನಾಲ್ಕಂಗುಲದ ಕೊಳವೆಯಾದರೆ ನಲವತ್ತಡಿ ಉದ್ದಕ್ಕೆ ಒಂದಡಿ ಇಳಿಜಾರು, ಆರಂಗುಲದ್ದಾದರೆ ಅರವತ್ತಕ್ಕೆ ಒಂದಡಿ, ಒಂಬತ್ತಂಗುಲದ್ದಾದರೆ ತೊಂಬತ್ತಕ್ಕೆ. ಇಳಿಜಾರು ಹೆಚ್ಚಾದರೆ ನೀರು ಮುಂದೆ ಓಡಿಹೋಗಿ ಕಸ ಹಿಂದೆ ಉಳಿಯುತ್ತೆ, ಕಮ್ಮಿಯಾದರೆ ಎರಡೂ ನಿಂತುಬಿಡುತ್ತೆ. ಅನ್ನಕ್ಕೆ ಎಸರಿಟ್ಟ ಹಾಗೇ ಅಂತ ನಾನು ಒಳಗೊಳಗೇ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಕಚೇರಿ ಮಾತು ಹೆಂಗಸರ ಹತ್ತಿರ ಆಡೋದಲ್ಲ ಅನ್ನೋದು ಅವರ ಕಟ್ಟುನಿಟ್ಟು.

ನಮ್ಮಿಬ್ಬರದೂ ಬೇಸಾಯದ ಮನೆ. ನಾಲೆ, ತೂಬು, ಗದ್ದೆ ಬದು ನೋಡಿಕೊಂಡು ಬೆಳೆದವರು. ಮೈಸೂರಲ್ಲಿ ನಮಗೆ ಸಿಕ್ಕಿದ್ದು ಮಂಡಿ ಮೊಹಲ್ಲಾದ ಒಂದು ಕೇರಿಯ ಮೇಲಿನ ತುದಿಯ ಮನೆ. ಅಲ್ಲಿಂದ ಕೇರಿ ಇಳಿದರೆ ಬೆಲ್ಲದ ಮಂಡಿ, ಅದರ ಪಕ್ಕ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರ ಅಂಗಡಿ, ಆಮೇಲೆ ಎರಡೂ ಕಡೆ ಒತ್ತೊತ್ತಾಗಿ ಮನೆಗಳು. ನಡುವೆ ತೆರೆದ ಚರಂಡಿ. ಅಬ್ಬಾ, ಆ ವಾಸನೆ! ಬೆಲ್ಲದ ವಾಸನೆಯೂ ಅದೂ ಕೂಡಿಕೊಂಡರೆ ಊಟವೇ ಸೇರುತ್ತಿರಲಿಲ್ಲ. ಆ ಚರಂಡಿ ಮುಚ್ಚಿ, ಮನೆಮನೆಯ ಬಚ್ಚಲು ನೀರನ್ನೆಲ್ಲ ನೆಲದೊಳಗಿನ ಕೊಳವೆಯಲ್ಲಿ ಸಾಗಿಸುವ ಒಳಚರಂಡಿಯನ್ನು ಮೊದಲು ಪರೀಕ್ಷೆಗೆ ಅಂತ ಹಾಕಿದ್ದು ನಮ್ಮ ಕೇರಿಯಲ್ಲೇ. ಇದು ಸರಿಹೋದರೆ ಮಿಕ್ಕ ಕೇರಿಗಳಿಗೆ, ಆಮೇಲೆ ಲಷ್ಕರ್ ಮೊಹಲ್ಲಾಕ್ಕೆ ಅಂತ ಇಂಜಿನಿಯರ್ ಸಾಹೇಬರು ಹೇಳಿದ್ದರು.

ಕೊಳವೆ ಕೂರಿಸಿದವರು ಒಬ್ಬ ಮುದುಕ ಮೇಸ್ತ್ರಿ. ತಲೆಮಾರುಗಳಿಂದ ಇದೇ ಊರಲ್ಲಿರುವ ಕ್ರಿಸ್ತುವರು. ಭಾನುವಾರ ಚರ್ಚಿಗೆ ಹೋಗಿ ಬಂದರೆ ಬಿಳಿ ಅಂಗಿ, ಮಿಕ್ಕ ಆರು ದಿನ ಮೈತುಂಬ ಗಾರೆ. ಕೊಳವೆಯ ಒಂದೊಂದು ಸಂದಿಗೂ ಗಾರೆ ತುಂಬಿದ ಮೇಲೆ ಒಳಗೆ ಗೋಣಿಚೀಲ ಎಳೆದು ಒರೆಸೋರು, ಮಗುವಿನ ಮೂಗು ಒರೆಸಿದಷ್ಟು ನಿಧಾನವಾಗಿ. ಮಧ್ಯಾಹ್ನ ನಮ್ಮ ಜಗುಲಿ ಮೇಲೆ ಕೂತು, "ತಾಯಿ, ಒಂದು ಚೊಂಬು ಮಜ್ಜಿಗೆ ಇದ್ದರೆ..." ಅನ್ನೋರು. ನನ್ನ ಅಪ್ಪನ ವಯಸ್ಸು. ಹೊಸ ಊರಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಅವರೇ, ಅದಕ್ಕೇ ಅವರನ್ನು ಕಂಡರೆ ನನಗೆ ಪ್ರೀತಿ.

ಕೊಳವೆ ಶುರುವಾದ ದಿನ ನಮ್ಮ ಮನೆಯವರು ಮನೆಮನೆಗೂ ಹೋಗಿ ಹೇಳಿ ಬಂದರು: ಬಚ್ಚಲ ತೂತಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು, ಕೂದಲು ಹಾಕಬಾರದು, ಹೊಟ್ಟು ಹಾಕಬಾರದು, ಬೂದಿ ಹಾಕಬಾರದು. ಕೇರಿಯವರೆಲ್ಲ "ಆಗಲಿ ಸ್ವಾಮಿ" ಅಂದರು. ಎಲ್ಲರಿಗೂ ಹೇಳಿದವರು ಒಬ್ಬಳಿಗೆ ಮಾತ್ರ ಹೇಳಲಿಲ್ಲ, ಕಟ್ಟಿಕೊಂಡ ಹೆಂಡತಿಗೆ. ಕಚೇರಿ ಮಾತಲ್ಲವೇ! ಹೇಳೋದು ಪುರಾಣ, ತಿನ್ನೋದು ಬದನೇಕಾಯಿ ಅನ್ನೋದು ಇದಕ್ಕೇ.

ನಾನೋ, ದಿನಾ ಎರಡು ಹೊತ್ತು ಒಲೆ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ಪಾತ್ರೆ ತಿಕ್ಕೋಳು. ಊರಲ್ಲಾದರೆ ಆ ನೀರು ಬಾಳೆಗಿಡದ ಬುಡಕ್ಕೆ ಹೋಗೋದು. ಇಲ್ಲಿ ಹಿತ್ತಲು ಅಂಗೈಯಗಲ. ಸುರಿದರೆ ತೂತು ಗುಳುಂ ಅಂತ ನುಂಗಿಬಿಡೋದು. ಆಹಾ, ಎಷ್ಟು ಚೆನ್ನಾಗಿದೆ ನಮ್ಮೋರು ಮಾಡಿದ್ದು ಅಂತ ಹಿಗ್ಗಿದೆ.

ಮೂರು ವಾರಕ್ಕೇ ಕೊಳವೆ ಕಟ್ಟಿತು. ಬಿದಿರು ದಬ್ಬೆ ಆಡಿಸಿ ಬಿಡಿಸಿದರು. ಮತ್ತೆ ಕಟ್ಟಿತು. ಮೂರನೇ ಸಲ ಕಟ್ಟಿದಾಗ ಬೆಲ್ಲದ ಮಂಡಿಯ ಬಾಗಿಲಲ್ಲೇ ನೀರು ಮೇಲೆ ಬಂತು. ಇಂಜಿನಿಯರ್ ಸಾಹೇಬರೇ ಬಂದು ನಿಂತರು. ದಬ್ಬೆಯ ತುದಿಗೆ ಅಂಟಿಕೊಂಡು ಬಂದದ್ದು ಬೂದುಬಣ್ಣದ ಗಟ್ಟಿ ಹೆಂಟೆ. ಸಾಹೇಬರು ಅದನ್ನು ಕೋಲಿನಿಂದ ಒಡೆದು ನೋಡಿ, "ಇದು ಗಾರೆ. ಸಂದಿಯಿಂದ ಒಳಗೆ ಸುರಿದಿದೆ. ಇಳಿಜಾರು ಪುಸ್ತಕದ ಪ್ರಕಾರ ಸರಿಯಾಗಿದೆ, ಕೆಲಸ ಸರಿಯಾಗಿಲ್ಲ," ಅಂದರು. ಮೇಸ್ತ್ರಿಯನ್ನು ತೆಗೆದುಹಾಕಬೇಕು, ಓವರ್ಸಿಯರು ಒಂದು ವಾರದೊಳಗೆ ರಿಪೋರ್ಟು ಬರೆದು ಕೊಡಬೇಕು ಅಂತ ಹುಕುಂ ಆಯಿತು.

ಅವರೆಲ್ಲ ಹೋದ ಮೇಲೆ ನಾನು ಬಾಗಿಲಾಚೆ ಬಂದು ಆ ಹೆಂಟೆಯ ಚೂರೊಂದನ್ನು ಎತ್ತಿ ಮೂಗಿಗೆ ಹಿಡಿದೆ. ಅಯ್ಯೋ ಶಿವನೇ! ಸೀಗೆಪುಡಿ, ಹರಳೆಣ್ಣೆ, ಒಲೆಬೂದಿ. ಶನಿವಾರ ಗಂಡಸರ ಎಣ್ಣೆನೀರು, ಮಂಗಳವಾರ ಶುಕ್ರವಾರ ಹೆಂಗಸರದು. ಪಾತ್ರೆ ತೊಳೆದ ಬೂದಿ ಕೊಳವೆಯ ತಳದಲ್ಲಿ ಕೂತಿರುತ್ತೆ, ಅದರ ಮೇಲೆ ಎಣ್ಣೆ ಸೀಗೆ ಬಿದ್ದರೆ ಗಾರೆಗಿಂತ ಗಟ್ಟಿ. ಹಂಡೆಯ ಬುಡದಲ್ಲಿ ಇಂಥ ಹೆಂಟೆಯನ್ನು ನಾನು ಎಷ್ಟು ಸಲ ಕೆರೆದಿಲ್ಲ! ಅದೂ ಮೊದಲು ಕಟ್ಟಿದ ಜಾಗ ಎಲ್ಲಿ? ನಮ್ಮ ಮನೆಯಿಂದ ಸ್ವಲ್ಪ ಕೆಳಗೇ.

ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆ, ಭಯ ಎರಡೂ. ಓವರ್ಸಿಯರ ಹೆಂಡತಿಯೇ ಕೊಳವೆ ಕಟ್ಟಿಸಿದಳು ಅಂತ ಕೇರಿ ನಗುತ್ತೆ, ಇವರ ಮುಖಕ್ಕೆ ಮಸಿ. ನಾಲ್ಕು ದಿನ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಓಡಾಡಿದೆ.

ನಾಲ್ಕನೇ ದಿನ ಮೇಸ್ತ್ರಿ ಬಂದರು. ಮಜ್ಜಿಗೆ ಕೇಳಲಿಲ್ಲ. ನಾನೇ ಕೊಟ್ಟೆ. ಚೊಂಬು ಕೈಯಲ್ಲಿ ಹಿಡಿದು ಕೂತರು, ಕುಡಿಯಲಿಲ್ಲ.

"ತಾಯಿ, ನಲವತ್ತು ವರ್ಷ ಗಾರೆ ಬಳಿಯೋ ಕರಣೆ ಹಿಡಿದ ಕೈ ಇದು. ಸರ್ವೇಶ್ವರನಾಣೆ, ಒಂದು ಚೂರು ಗಾರೆ ಒಳಗೆ ಬಿಟ್ಟಿಲ್ಲ. ಕೆಲಸಗೇಡಿ ಅಂತ ಕಾಗದದಲ್ಲಿ ಬಿದ್ದುಬುಟ್ರೆ ಈ ಊರಲ್ಲಿ ಯಾರೂ ನನ್ನ ಕೈಗೆ ಒಂದು ಗೋಡೇನೂ ಕೊಡಕಿಲ್ಲ. ಓವರ್ಸಿಯರಿಗೆ ಒಂದು ಮಾತು ಹೇಳಿ."

ನಾನು ತಲೆ ತಗ್ಗಿಸಿ ಒಳಗೆ ಹೋದೆ. ನನ್ನಂಥ ಪಾಪಿ ಇಲ್ಲ ಅನ್ನಿಸಿತು.

ಅವತ್ತು ಸಾಯಂಕಾಲ ಇವರು ಬಂದು ರಿಪೋರ್ಟು ಬರೆಯೋಕೆ ಕೂತರು. ನಾನು ತವರಿಂದ ತಂದ ತಾಮ್ರದ ಚಿಕ್ಕ ಕೊಪ್ಪರಿಗೆಯನ್ನು ಬೆಳಗಿ ಒಳಗೆ ತರುತ್ತಿದ್ದೆ. ಬಾಯಗಲ, ತಳ ಕಿರಿದು.

"ಏನೂಂದ್ರೆ, ಮೇಸ್ತ್ರಿ ಬಂದಿದ್ರು. ಅವರ ತಪ್ಪಿಲ್ಲ."

"ನಿನಗೇನೇ ಗೊತ್ತು? ಪುಸ್ತಕದ ಪ್ರಕಾರ ಇಳಿಜಾರು ಸರಿಯಾಗಿದೆ. ಅಂದ್ಮೇಲೆ ಸಂದಿ ಸರಿಯಿಲ್ಲ. ಒಳಗೆ ಹೋಗು, ಇದು ನಿನಗೆ ತಿಳಿಯೋ ವಿಷಯ ಅಲ್ಲ."

ಆಗ ಬಂತು ನೋಡಿ ನನಗೆ ಸಿಟ್ಟು. ಕೊಪ್ಪರಿಗೆಯನ್ನು ಎತ್ತಿ ಕಲ್ಲಿನ ನೆಲಕ್ಕೆ ಕುಕ್ಕಿಬಿಟ್ಟೆ. ಆ ಸದ್ದಿಗೆ ಕಲಾಯಿ ಸಾಹೇಬರು ಅಂಗಡಿಯಿಂದ ಇಣುಕಿದರಂತೆ.

"ಬೂದಿ ಕಣ್ರೀ ಅದು, ಬೂದಿ! ನಿಮ್ಮ ಮನೆ ಬೂದಿ! ದಿನಾ ಎರಡು ಹೊತ್ತು ನಾನೇ ಸುರೀತಿದ್ದೀನಿ. ಊರಿಗೆಲ್ಲ ಹೇಳಿದ್ರಲ್ಲ, ನನಗೆ ಹೇಳಿದ್ರಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ?"

ಇವರು ಲೇಖನಿ ಇಟ್ಟರು. ಹಿತ್ತಲಿಗೆ ಹೋದರು. ತೋಳು ಮಡಿಸಿ ನಮ್ಮ ಬಚ್ಚಲ ತೂತಿನೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಮೂಸಿ, ಬೆರಳಲ್ಲಿ ಉಜ್ಜಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಾನು ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದೆ.

"ಸೀಮೆಯೋರು ಬೂದೀಲಿ ಪಾತ್ರೆ ತೊಳೀತಾರೇನೇ?" ಅಂದರು, ನಿಧಾನವಾಗಿ.

"ನನಗೇನು ಗೊತ್ತು? ಪುಸ್ತಕ ಓದೋರು ನೀವು."

"ಅದರಲ್ಲಿ ಬೂದಿ ಮಾತೇ ಇಲ್ಲ ಕಣೇ. ಅವರ ಮನೇಲಿ ನಲ್ಲಿ ತಿರುಗಿಸಿದರೆ ನೀರು ಧೋ ಅಂತ ಸುರಿಯುತ್ತೆ. ನಾವು ಚೊಂಬು ಚೊಂಬಾಗಿ ಹಾಕ್ತೀವಿ." ಅಷ್ಟು ದಿನದಲ್ಲಿ ಕಚೇರಿ ಮಾತು ನನ್ನ ಹತ್ತಿರ ಆಡಿದ್ದು ಅದೇ ಮೊದಲು.

ನಾನು ಕಣ್ಣೊರೆಸಿಕೊಂಡು ನಮ್ಮಪ್ಪ ಮಾಡುತ್ತಿದ್ದದ್ದು ಹೇಳಿದೆ. ನಾಲೆ ನೀರನ್ನು ಸಸಿಮಡಿಗೆ ಬಿಡೋ ಮುಂಚೆ ಅಪ್ಪ ಅಲ್ಲೊಂದು ಗುಂಡಿ ತೋಡೋರು. ಹೂಳು ಗುಂಡಿಯಲ್ಲಿ ಕೂತು, ಮೇಲಿನ ತಿಳಿನೀರು ಮಾತ್ರ ಮಡಿಗೆ ಹೋಗೋದು. ಇವರು ನನ್ನ ಮುಖವನ್ನೇ ನೋಡಿದರು. ಎದ್ದು ಹೋಗಿ ಕೊಪ್ಪರಿಗೆ ಎತ್ತಿಕೊಂಡು ಬಂದರು. ತಳದ ಅಂಚು ಒಂದು ಕಡೆ ಒಳಕ್ಕೆ ಬಗ್ಗಿಹೋಗಿತ್ತು. ಮಾರನೇ ಬೆಳಿಗ್ಗೆ ಮೇಸ್ತ್ರಿಯನ್ನು ಕರೆಸಿ, ಬಚ್ಚಲಿಗೂ ಕೊಳವೆಗೂ ನಡುವೆ ಅದನ್ನು ಹೂಳಿಸಿದರು. ತವರಿನ ಕೊಪ್ಪರಿಗೆ ಬಚ್ಚಲಿಗೆ ಹೋಯಿತಲ್ಲಾ ಅಂತ ಹೊಟ್ಟೆ ಉರಿಯಿತು. ಆದರೆ ಕುಕ್ಕಿದವಳು ನಾನೇ ತಾನೇ.

ಮೇಸ್ತ್ರಿಗೆ ಎಲ್ಲಾ ಹೇಳಿದೆ. ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಅವರು ನನ್ನ ಕಡೆ ನೋಡದೆ ಮಣ್ಣು ಒತ್ತುತ್ತಲೇ, "ಹೇಳಿದ್ರಲ್ಲ ತಾಯಿ, ಸಾಕು ಬುಡಿ. ಮಜ್ಜಿಗೆ ತನ್ನಿ," ಅಂದರು.

ರಿಪೋರ್ಟಿನಲ್ಲಿ "ನಿವಾಸಿಗಳು ಬೂದಿ ಹಾಕಿದ್ದರಿಂದ" ಅಂತ ಬರೆದರೆ ಸಾಕಲ್ಲ ಅಂತ ಇವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ತಲೆ ಅಲ್ಲಾಡಿಸಿ, "ಓವರ್ಸಿಯರ ಸ್ವಂತ ಮನೆಯಿಂದ ಮೊದಲುಗೊಂಡು" ಅಂತ ಸೇರಿಸಿದರು. ನನಗೆ ಓದಿ ಹೇಳಿದರು. ನನ್ನ ಗಂಡನ ಮೇಲೆ ನನಗೆ ಹೆಮ್ಮೆ ಹುಟ್ಟಿದ್ದು ಅವತ್ತೇ.

ಕೇರಿಯ ಹೆಂಗಸರಿಗೆ ಹೇಳುವ ಕೆಲಸ ನನ್ನದಾಯಿತು. "ಬೂದಿ ನೀರಲ್ಲಿ ಕರಗಿಹೋಗುತ್ತೆ ಕಣಮ್ಮ, ಏನೂ ಆಗಲ್ಲ," ಅಂತ ಎಲ್ಲರದೂ ಒಂದೇ ಮಾತು. ಒಂದು ಚೊಂಬು ನೀರಿಗೆ ಒಂದು ಹಿಡಿ ಬೂದಿ ಹಾಕಿ ಅವರ ಮುಂದೆ ಇಟ್ಟು, ಎಲೆಅಡಿಕೆ ಮುಗಿಯುವ ತನಕ ಹರಟೆ ಹೊಡೆದು, ಆಮೇಲೆ ನೀರು ಬಗ್ಗಿಸಿ ತಳ ತೋರಿಸುತ್ತಿದ್ದೆ. ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಮನೆಗೊಂದು ಹಳೇ ಮಡಕೆಯೋ ಗುಡಾಣವೋ ನೆಲ ಸೇರಿತು. ವಾರಕ್ಕೊಮ್ಮೆ ಬಳಿದು ತೆಗೆದ ಬೂದಿ ಬಸಳೆ ಬಳ್ಳಿಗೆ.

ರಿಪೋರ್ಟು ಓದಿ ಮೇಸ್ತ್ರಿಯ ಮೇಲಿನ ಹುಕುಂ ಹಿಂದಕ್ಕೆ ತೆಗೆದುಕೊಂಡಿದ್ದ ಇಂಜಿನಿಯರ್ ಸಾಹೇಬರು ತಿಂಗಳಾದ ಮೇಲೆ ಪರೀಕ್ಷೆಗೆ ಬಂದರು. ಕೇರಿಯ ಕೆಳತುದಿಯಲ್ಲಿ, ಆಳು ಇಳಿದು ಕೊಳವೆ ನೋಡುವ ಇಳಿಗುಂಡಿಯಲ್ಲಿ, ಮೇಸ್ತ್ರಿ ಕನ್ನಡಿ ಹಿಡಿದು ಬಿಸಿಲನ್ನು ಕೊಳವೆಯೊಳಗೆ ಬಿಡೋದು, ಮೇಲಿನ ಗುಂಡಿಯಿಂದ ಸಾಹೇಬರು ನೋಡೋದು. ಅವರು ಬಗ್ಗಿ ನೋಡಿ, "ಬೆಳಕು ಪೂರಾ ಇದೆ, ಎಲ್ಲೂ ಕಟ್ಟಿಲ್ಲ," ಅಂದರು. ಅವರು ಹೋದ ಮೇಲೆ ಇವರು ನನ್ನನ್ನು ಕರೆದರು. ಸೆರಗು ಸಿಕ್ಕಿಸಿಕೊಂಡು, ಮಂಡಿಯೂರಿ, ಬಗ್ಗಿದೆ. ಕತ್ತಲೆಯ ಕೊನೆಗೆ ಗುಂಡಗೆ ಬೆಳಕು, ಚೂರೂ ಮುಕ್ಕಿಲ್ಲದೆ, ಆಗಷ್ಟೇ ಬೆಳಗಿಟ್ಟ ತಟ್ಟೆಯ ಹಾಗೆ. ಕೆಳತುದಿಯಿಂದ ಮೇಸ್ತ್ರಿ, "ಕಾಣುತ್ತಾ ತಾಯಿ?" ಅಂತ ಕೂಗಿದರು. ಕೊಳವೆಯೊಳಗಿಂದಲೇ ಬಂತು ಅವರ ದನಿ. "ಕಾಣುತ್ತೆ ಮೇಸ್ತ್ರಿಗಳೇ," ಅಂತ ನಾನೂ ಕೂಗಿದೆ.

ಮಿಕ್ಕ ಕೇರಿಗಳ ನಕ್ಷೆಯಲ್ಲಿ ಬೂದಿಗುಂಡಿ ಸೇರಿತು, ಬಚ್ಚಲಿಗೊಂದು ಕಡ್ಡಾಯ. ಬಾಯಿ ಒಂದೂವರೆ ಅಡಿ, ಆಳ ಒಂದಡಿ ಎರಡಂಗುಲ. ಈ ಎರಡಂಗುಲ ಯಾವ ಲೆಕ್ಕದ್ದು ಅಂತ ಸಾಹೇಬರು ಕೇಳಿದರಂತೆ. "ಅನುಭವದ್ದು ಸಾರ್," ಅಂದರಂತೆ ನಮ್ಮೋರು. ಮೇಸ್ತ್ರಿ ನನ್ನ ಕೊಪ್ಪರಿಗೆಯನ್ನು ಅಗೆದು ತೆಗೆದು, ಹೊರಮೈಗೆ ಎಣ್ಣೆ ಸವರಿ, ಅದನ್ನೇ ಅಚ್ಚು ಮಾಡಿಕೊಂಡು ಸಿಮೆಂಟಿನಲ್ಲಿ ಗುಂಡಿಗಳನ್ನು ಎರೆದರು. ಎರೆದು ಎರೆದು ವರ್ಷಗಟ್ಟಲೆ ಆದ ಮೇಲೆ ತಂದುಕೊಟ್ಟರು, ಹುಣಸೆಹಣ್ಣಲ್ಲಿ ಫಳಫಳ ಬೆಳಗಿಸಿ. ಅದರ ಮುಂದಿನ ವರ್ಷ ಅವರು ತೀರಿಕೊಂಡರು. ಕೊನೆಯ ತನಕ ಅವರ ಕೈಯಿಂದ ಕರಣೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ.

ಆಮೇಲೊಂದು ಸಲ ಲಷ್ಕರ್ ಮೊಹಲ್ಲಾದಲ್ಲಿ ನೆಂಟರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಆ ಮನೆಯ ಸೊಸೆ ಹಿತ್ತಲಲ್ಲಿ ಬೂದಿಗುಂಡಿ ಬಳಿಯುತ್ತಿದ್ದಳು. ಅವಳ ಕೈಯ ತೆಂಗಿನ ಚಿಪ್ಪು ತಳದಲ್ಲಿ ಒಂದು ಕಡೆ ತಡೆದು, ಬೂದಿ ಸರಿಯಾಗಿ ಬರಲೊಲ್ಲದು.

"ನೋಡಿ ಅಮ್ಮಾ, ತಳ ಸೊಟ್ಟಗಿದೆ. ಈ ಬೀದೀಲಿ ಎಲ್ಲರ ಮನೇದೂ ಇಂಗೇ. ಯಾವನೋ ಕೆಲಸಗೇಡಿ ಮೇಸ್ತ್ರಿ ಮಾಡಿರಬೇಕು."

ಈ ಸಲ ನಾನು ನಾಲ್ಕು ದಿನ ಕಾಯಲಿಲ್ಲ.

"ಮೇಸ್ತ್ರಿ ತಪ್ಪಲ್ಲ ಕಣಮ್ಮ," ಅಂದೆ. "ಆ ಸೊಟ್ಟ ನಂದು."