ಗಂಡ ಇದ್ದಾನೋ, ಸತ್ತಾನೋ

ಜನಗಣತಿ ಕೆಲಸಕ್ಕ ಸಾಲಿ ಮಾಸ್ತರಗಳನ್ನ ಹಚ್ಚಿದಾಗ ನನ್ನ ಪಾಲಿಗೆ ಕೆಲಗೇರಿ ಬಂತು. "ಮಂದಿ ಹೇಳಿದ್ದನ್ನ ಹೇಳಿದಂಗ ಬರಕೊಳ್ರಿ. ಬರಕೊಂಡದ್ದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಬಿಟ್ಟರ ಜೇಲು" ಅಂತ ನಮ್ಮ ಸಾಹೇಬರು ಮೊದಲ ಹೆದರಿಸಿ ಕಳಿಸಿದ್ದರು.

ಒಂದು ಮನ್ಯಾಗ ಒಬ್ಬಾಕಿನ ಇದ್ದಳು. ಗಂಡನ ವಿಷಯ ಕೇಳಿದ ಕೂಡಲೆ ಬಾಗಿಲಾ ಅರ್ಧಾ ಮುಚ್ಚಿ, "ಸತ್ತಾನ್ರಿ. ವಿಧವೆ ಅಂತ ಬರಕೊಳ್ರಿ" ಅಂದಳು. ಹಣೀಮ್ಯಾಗ ಕುಂಕುಮ ಇತ್ತು. ನಾ ಆಕಿ ಹೇಳಿದಂಗ ಬರಕೊಂಡು ಹೊಂಟೆ.

ಕೆರಿ ದಂಡಿಗೆ ಬರೂದರಾಗ ಒಬ್ಬಾಂವ ಬಂದು ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡದ. ಸುತ್ತ ನರಪಿಳ್ಳಿ ಇರಲಿಲ್ಲ.

"ಮಾಸ್ತರ, ಆ ಮನ್ಯಾಗಿನಾಕಿ ಗಂಡ ಇದ್ದಾನ ಅಂದಳೋ, ಸತ್ತಾನ ಅಂದಳೋ?"

ಆಂವನ ಕಣ್ಣು ನೋಡಿದ ಕೂಡಲೆ ಸತ್ತಾಂವ ಇವನೇ ಅಂತ ತಿಳೀತು. ಸತ್ತಾನ ಅಂದಳು ಅಂದ್ರ ಆಕಿ ಗತಿ ಏನು? ಇದ್ದಾನ ಅಂದಳು ಅಂದ್ರ ಇಂವ ನೆಟ್ಟಗ ಆ ಬಾಗಿಲಿಗೇ ಹೋಗ್ತಾನ.

"ಹೇಳಿದ್ರ ನನಗ ಜೇಲು ಆಗ್ತದ್ರಿ" ಅಂದೆ.

"ಹೇಳಲಿಲ್ಲಂದ್ರ?" ಅಂತ ಕೆರಿ ಕಡೆ ನೋಡಿದ.

"ನನಗ ಈಸಾಕ ಬರೂದಿಲ್ರಿ" ಅಂದೆ. ಅದಕ್ಕಿಂತ ಛಲೋ ಮಾತು ಹೊಳೀಲಿಲ್ಲ.

ಅಷ್ಟರಾಗ ಎಮ್ಮಿ ಮೈ ತೊಳಿಯಾಕ ನಾಕು ಮಂದಿ ಬಂದರು. ಆಂವ ಹ್ಯಾಂಡಲ್ ಬಿಟ್ಟ.

ಮರುದಿನ ಸಾಹೇಬರು, "ಎಲ್ಲಾರೂ ಭೆಟ್ಟಿ ಆದರೇನ್ರಿ?" ಅಂತ ಕೇಳಿದರು. ಆದರ್ರಿ ಅಂದೆ. ಸತ್ತವರೂ ಭೆಟ್ಟಿ ಆದರು ಅನ್ನೂದನ್ನ ಮಾತ್ರ ಯಾರ ಮುಂದೂ ಹೇಳಂಗಿರಲಿಲ್ಲ.