ಸುಮ್ಮನೆ ಕೂತವರ ಚಿತ್ರ

ಸಿಂಧನೂರಿಗೆ ಬಂದ ಮೂರನೆಯ ವಾರದಲ್ಲಿ ನಾನು ಬದುಕಿದ್ದ ಮನುಷ್ಯನೊಬ್ಬನನ್ನು ಹೆಣ ಮಾಡಿದೆ. ತಿಳಿಯದೆ ಮಾಡಿದ್ದು ನಿಜ. ಆದರೆ ಹದಿನೆಂಟು ವಿದ್ಯಾರ್ಥಿಗಳ ಎದುರಿಗೆ, ಹಾಡಹಗಲಲ್ಲಿ, ಬಹಳ ಶ್ರದ್ಧೆಯಿಂದ ಮಾಡಿದೆ.

ಊರಿನವರಾದ ನಿಮಗೆ ನಾನು ಗೊತ್ತು. ಗಂಗೊಳ್ಳಿಯ ಮೀನು ಮಾರುವ ಗಿರಿಜಕ್ಕನ ತಂಗಿ. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆ ತಿರುಗಿದ ದುಡ್ಡಿನಲ್ಲಿ ಅಕ್ಕ ನನಗೆ ಚಿತ್ರಕಲೆ ಓದಿಸಿದಳು. ಓದಿ, ಸಿಂಧನೂರಿನ ಸಣ್ಣದೊಂದು ಕಾಲೇಜಿನಲ್ಲಿ ರೇಖಾಚಿತ್ರ ಕಲಿಸುವ ಕೆಲಸ ಹಿಡಿದೆ. ಕಾಲೇಜು ಎಂದರೆ ಹಳೆಯ ಅಕ್ಕಿ ಗೋದಾಮಿನ ಮೇಲಿನ ಮೂರು ಕೋಣೆ. ಮಸ್ಕಿ, ಲಿಂಗಸುಗೂರು, ತುರ್ವಿಹಾಳದಿಂದ ಮಕ್ಕಳು ಬಸ್ಸಿಗೆ ಬರುತ್ತಾರೆ.

ಮೀನು ತಿನ್ನುವವಳು ಎಂದದ್ದಕ್ಕೆ ಎರಡು ಬಾಡಿಗೆ ಮನೆ ಕೈತಪ್ಪಿದವು. ಮೂರನೆಯ ಮನೆಯವರು, "ಖಿಡಕಿ ಹಾಕ್ಕೊಂಡು ಮಾಡ್ಕೋರಿ" ಎಂದು ಕೀಲಿಕೈ ಕೊಟ್ಟರು. ಇಲ್ಲಿ ಮೀನು ಬೇಕೆಂದರೆ ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಳಿ ನಿರಾಶ್ರಿತರ ಹತ್ತಿರ ಸಿಗುವ ಕೆರೆ ಮೀನು. ಫೋನಿನಲ್ಲಿ ಹೇಳಿದರೆ ಅಕ್ಕ ನಕ್ಕಳು: "ಉಪ್ಪು ನೀರ್ ಕಾಣದ್ ಮೀನ್, ಅದೂ ಒಂದ್ ಮೀನಾ?" ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆಯಿದ್ದರೂ ಈ ಜನಕ್ಕೆ ರೊಟ್ಟಿಯಿಲ್ಲದೆ ಊಟವಾಗದು. ನೀರು ನೋಡಬೇಕೆನಿಸಿದರೆ ನಾನು ಕಾಲುವೆಗೆ ಹೋಗುತ್ತಿದ್ದೆ. ಕಾಲುವೆಯಲ್ಲಿ ಹೋದ ನೀರು ತಿರುಗಿ ಬರುವುದಿಲ್ಲ. ಸಮುದ್ರ ನೋಡಿ ಬೆಳೆದವಳಿಗೆ ಅದೊಂದು ಬೇಸರ.

ಈ ಊರು ನನಗೆ ಕಲಿಸಿದ ಮೊದಲ ಮಾತು ‘ಕುಂದರ್ರಿ.’ ನಮ್ಮ ಕಡೆ ಕೂರಲು ಹೇಳುವ ‘ಕೂಕಣಿ’ ಇಲ್ಲಿ ‘ಕುಂದರ್ರಿ.’ ಅಂಗಡಿಗೆ ಹೋದರೂ ಕುಂದರ್ರಿ, ದಾರಿ ಕೇಳಿದರೂ ಕುಂದರ್ರಿ. ಎರಡನೆಯ ಮಾತು ‘ಮಾರಿ.’ ಇಲ್ಲಿ ಮುಖಕ್ಕೆ ಮಾರಿ ಎನ್ನುತ್ತಾರೆ. "ಮೇಡಂ, ಮೊದ್ಲ ಮಾರಿ ತೆಗೀಲ್ರ್ಯಾ, ಕೈ ತೆಗೀಲ್ರ್ಯಾ?" ಎಂದು ಮಕ್ಕಳು ಕೇಳಿದಾಗ ಮೊದಲ ದಿನ ಗಾಬರಿಯಾಗಿತ್ತು; ಇಲ್ಲಿ ಚಿತ್ರ ಬಿಡಿಸುವುದೆಂದರೆ ‘ತೆಗೆಯುವುದು.’

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಹಾಗೇ. ನನ್ನ ಪಾಠಕ್ಕೆ ಒಂದೇ ನಿಯಮವಿತ್ತು: ಒಬ್ಬ ಮನುಷ್ಯನನ್ನು ಅಲುಗಾಡದಂತೆ ಕೂರಿಸಿ, ಮಾತಿಲ್ಲದೆ ಮೂರು ತಾಸು ನೋಡಬೇಕು. ಈ ಹಟ ನನಗೆ ಬಂದದ್ದು ಅಕ್ಕನಿಂದ. "ನಂದೊಂದ್ ಚಿತ್ರ ಬಿಡ್ಸ್" ಎಂದು ಅವಳೇ ಕೇಳುತ್ತಿದ್ದಳು. ಕೂರಿಸಿದರೆ ಐದು ನಿಮಿಷಕ್ಕೆ ಎದ್ದು, ಮೀನಿಗೆ ಮಂಜುಗಡ್ಡೆ ಹಾಕಲು ಓಡುತ್ತಿದ್ದಳು. "ಕೂಕಂಬುಕೆ ಪುರ್ಸೊತ್ತಿಲ್ಲೆ ಕಾಣ್." ನನ್ನಲ್ಲಿ ಅರ್ಧ ಮುಖದ ಅಕ್ಕಂದಿರೇ ಹತ್ತಾರು ಇದ್ದರು. ಒಮ್ಮೆ ಸಿಟ್ಟಿಗೆದ್ದು, "ನೀನು ಸುಮ್ಮನೆ ಕೂತ ದಿನ ಬಿಡಿಸುತ್ತೇನೆ, ಅಲ್ಲಿಯವರೆಗೆ ಕೇಳಬೇಡ" ಎಂದಿದ್ದೆ. ಆಮೇಲೆ ಅವಳು ಕೇಳಲಿಲ್ಲ.

ಇಲ್ಲಿ ಕೂರಲು ಒಪ್ಪಿದವನು ಶರಣಪ್ಪ. ಗಿರಣಿಯಲ್ಲಿ ಮೂಟೆ ಹೊತ್ತು ವಯಸ್ಸಾದ ಹಮಾಲಿ; ಈಗ ಕಾಲೇಜಿನ ಕೆಳಗಿನ ಚಹಾ ಅಂಗಡಿಯಲ್ಲಿ ಹೊತ್ತು ಕಳೆಯುತ್ತಿದ್ದ. ಅವನನ್ನು ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿಸಿ, ಬೆನ್ನನ್ನು ಗೋಡೆಗೆ ಆನಿಸಿ, ಹಿಂದೆ ಬಿಳಿ ಬಟ್ಟೆ ಕಟ್ಟಿದೆ. ಹಣೆಯ ಮೇಲೆ ವಿಭೂತಿ ಇದ್ದೇ ಇತ್ತು. ಬಣ್ಣಕ್ಕಿರಲಿ ಎಂದು, ಹಿಂದಿನ ದಿನದ ಕಾರ್ಯಕ್ರಮದಲ್ಲಿ ಉಳಿದಿದ್ದ ಚೆಂಡುಹೂವಿನ ಹಾರವನ್ನೂ ಕೊರಳಿಗೆ ಹಾಕಿದೆ. ಮೂಲೆಯ ಸರಸ್ವತಿ ಪಟದ ಮುಂದೆ ಊದಿನಕಡ್ಡಿ ಉರಿಯುತ್ತಿತ್ತು. ಮಕ್ಕಳು ಸುತ್ತ ಕೂತು, ತುಟಿಪಿಟಕ್ಕೆನ್ನದೆ ಅವನನ್ನೇ ನೋಡುತ್ತಿದ್ದರು. ಎಂಥ ಏಕಾಗ್ರತೆ ಎಂದು ನಾನು ಬೀಗಿದೆ. ಶರಣಪ್ಪನಿಗೆ ನಿದ್ದೆ ಹತ್ತಿತು.

ಮಧ್ಯಾಹ್ನ ಅವನ ಹೆಂಡತಿ ನೀಲಮ್ಮ ರೊಟ್ಟಿಯ ಗಂಟು ಹಿಡಿದು ಬಂದಳು. ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಗಂಟು ಕೈಯಿಂದ ಬಿತ್ತು.

"ಯಪ್ಪಾ, ನನ್ನ ಬಿಟ್ಟು ಹೋದೇನೋ!" ಎಂದು ಎದೆ ಬಡಿದುಕೊಂಡು ಕುಸಿದಳು.

ಶರಣಪ್ಪ ಕಣ್ಣು ಬಿಟ್ಟ. "ಏ ಹುಚ್ಚಿ, ನಾ ಇನ್ನಾ ಸತ್ತಿಲ್ಲಬೇ. ರೊಟ್ಟಿ ತಂದೀ ಏನು?"

ಒಬ್ಬರೂ ನಗಲಿಲ್ಲ. ನೀಲಮ್ಮ ಮೇಜು ಹತ್ತಿ ಹಾರ ಕಿತ್ತು ಬಿಸಾಡಿ, ಗಂಡನ ಕೈ ಹಿಡಿದು ಇಳಿಸಿ, ನನ್ನ ಕಡೆ ತಿರುಗಿದಳು. "ಜೀವ ಇದ್ದಾವನ್ನ ಹಿಂಗ ಕುಂದ್ರಸ್ತಾರೇನ್ರೀ? ನಿಮ್ಮೂರಾಗ ಹಿರೇರು ಯಾರೂ ಇಲ್ಲೇನು?"

ಆಮೇಲೆ ಮಸ್ಕಿಯ ವಿದ್ಯಾರ್ಥಿನಿ ರೇಣುಕಾ ನನಗೆ ವಿಷಯ ತಿಳಿಸಿದಳು. ನಾವು ಸತ್ತವರನ್ನು ಮಲಗಿಸುತ್ತೇವೆ. ಈ ಕಡೆ ಬಹಳ ಮನೆಗಳಲ್ಲಿ ಕೂರಿಸುತ್ತಾರೆ: ಗೋಡೆಗೆ ಆನಿಸಿ, ವಿಭೂತಿ ಬಳಿದು, ಹಾರ ಹಾಕಿ, ಸುತ್ತ ಜನ ಕೂತು. ನಾನು ಒಂದನ್ನೂ ಬಿಟ್ಟಿರಲಿಲ್ಲ.

"ನಿಮಗೆಲ್ಲ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?" ಎಂದೆ.

"ನೀವು ಕಲ್ತು ಬಂದೀರಿ. ನಿಮ್ಮ ಕಡೆ ಪಾಠ ಹಿಂಗಾ ಇರಬೇಕು ಅಂದ್ಕೊಂಡ್ವಿರಿ ಮೇಡಂ" ಎಂದಳು.

ಕ್ಷಮೆ ಕೇಳಲು ನೀಲಮ್ಮನ ಮನೆಗೆ ಹೋದೆ. ಬೈದವಳೇ ಚಾಪೆ ಹಾಸಿ "ಕುಂದರ್ರಿ" ಎಂದಳು. ಪುಂಡಿಪಲ್ಲೆ ಎಂಬ ಹುಳಿ ಸೊಪ್ಪಿನ ಪಲ್ಯ, ರೊಟ್ಟಿ ಕೊಟ್ಟಳು. ಪುಂಡಿಪಲ್ಲೆಯ ಹುಳಿ ನಾಲಿಗೆಗೆ ತಾಗಿದಾಗ ಊರಿನ ಮೀನು ಸಾರು ನೆನಪಾಗಿ ಕಣ್ಣು ತುಂಬಿತು. ಖಾರ ಹತ್ತಿತೆಂದು ಅವಳು ನೀರು ಕೊಟ್ಟಳು. ಅಂಗಳದಲ್ಲಿ ಶರಣಪ್ಪ ಆಡಿಗೆ ಸೊಪ್ಪು ಕಟ್ಟುತ್ತಿದ್ದ.

"ಅವನ ಚಿತ್ರ ಬೇಕಂದ್ರ ಹಿಂಗ ತಿರುಗ್ಯಾಡೋವಾಗ ತೆಗೀರಿ. ಜೀವ ಇದ್ದ ಮನಿಷಾ ಎಲ್ಲೆರ ಸುಮ್ನ ಕುಂದರ್ತಾನೇನ್ರೀ?" ಎಂದಳು ನೀಲಮ್ಮ.

ನನಗೆ ಐದು ವರ್ಷ ಪಾಠ ಹೇಳಿದ ಯಾರೂ ಈ ಮಾತು ಹೇಳಿರಲಿಲ್ಲ. ಮರುದಿನದಿಂದ ತರಗತಿಯನ್ನು ಹೊರಗೆ ಕರೆದೊಯ್ದೆ. ಬಸ್ ನಿಲ್ದಾಣ, ಗಿರಣಿ ಅಂಗಳ, ಕಾಲುವೆ ದಂಡೆ. ರಬ್ಬರು ತರಬಾರದು. ಒಮ್ಮೆ ನೋಡು, ಕಣ್ಣು ಮುಚ್ಚು, ನೆನಪಿನಲ್ಲಿ ಉಳಿದ ಒಂದೇ ಗೆರೆ ಎಳೆ. ಎದ್ದು ಹೋದವರನ್ನು ಹೋಗಲು ಬಿಡು. ಮೊದಮೊದಲು ಹಾಳೆಯ ತುಂಬ ಕೋಳಿ ಕೆದಕಿದ ಹಾಗೆ ಕಾಣುತ್ತಿತ್ತು. ಮೂರು ತಿಂಗಳ ನಂತರ ರೇಣುಕಾ ಒಂದು ಹಾಳೆ ತಂದಳು. ಶರಣಪ್ಪ ರುಮಾಲು ಸುತ್ತಿಕೊಳ್ಳುತ್ತಿರುವ ಇಪ್ಪತ್ತು ಗೆರೆಗಳು. ಒಂದರಲ್ಲೂ ಪೂರ್ತಿ ಮುಖವಿಲ್ಲ, ಆದರೆ ಶರಣಪ್ಪ ಇದ್ದ.

ಅಂದು ಸಂಜೆಯೇ ಅಕ್ಕನಿಗೆ ಫೋನು ಮಾಡಿದೆ. "ಅಕ್ಕ, ನೀನು ಕೂರುವುದು ಬೇಡ. ನಿನ್ನ ಪಾಡಿಗೆ ಮೀನು ಕೊಯ್ಯುತ್ತಿರು. ರಜೆಗೆ ಬಂದು ಬಿಡಿಸುತ್ತೇನೆ."

"ಅಷ್ಟ್ ಕಲಿಯುಕೆ ಅಷ್ಟ್ ದೂರ ಹೋಯ್ಕಾ?" ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಗಾಳಿಗೆ ಶೀತ ಹಿಡಿದದ್ದು ಎಂದಳು, ನಂಬಿದೆ. ದಸರಾ ರಜೆಯಲ್ಲಿ ಹೋಗಬಹುದಿತ್ತು. ಮಕ್ಕಳ ಚಿತ್ರಪ್ರದರ್ಶನವೆಂದು ಇಲ್ಲೇ ಉಳಿದೆ. ಆ ತಪ್ಪನ್ನು ನಾನು ಯಾರ ಮೇಲೂ ಹಾಕುವಂತಿಲ್ಲ.

ಪ್ರದರ್ಶನ ಮುಗಿದ ವಾರ ಶರಣಪ್ಪ ತೀರಿಕೊಂಡ. ಹೆದರುತ್ತಲೇ ಹೋದೆ. ನಾನು ಕೂರಿಸಿದ್ದ ಹಾಗೇ ಕೂತಿದ್ದ; ಹಾರ, ವಿಭೂತಿ, ಬಿಳಿ ಬಟ್ಟೆ. ನೀಲಮ್ಮ ಅವನ ಮೊಣಕಾಲ ಮೇಲೆ ಕೈಯಿಟ್ಟು, ಬದುಕಿ ಎದುರು ಕೂತವನನ್ನು ಬೈದಂತೆ ಅವನನ್ನು ಬೈಯುತ್ತಿದ್ದಳು. ಬಂದವರು ಅವನ ಎದುರಿಗೆ ಕೂತು, ಮುಖ ನೋಡಿ, ಅತ್ತು ಏಳುತ್ತಿದ್ದರು. ನನ್ನನ್ನು ಕಂಡು ನೀಲಮ್ಮ ಹತ್ತಿರ ಕರೆದಳು.

"ಅವತ್ತು ನಾನಾ ಎಬ್ಬಿಸಿಕೊಂಡು ಹೋದ್ನಿರಿ ಮೇಡಂ. ಇವತ್ತು ಎಬ್ಬಸಾಕ ಆಗವಲ್ದು. ಕುಂದರ್ರಿ, ಮಾರಿ ನೋಡ್ರಿ."

ಕೂತೆ. ಅವನ ಮುಖ ನನ್ನ ಮುಖದ ಎತ್ತರದಲ್ಲೇ ಇತ್ತು. ಹೆದರಿಕೆ ಆಗಲಿಲ್ಲ.

ಇಪ್ಪತ್ತು ದಿನದ ಮೇಲೆ, ತರಗತಿಯಲ್ಲಿದ್ದಾಗ ಭಾವನ ಫೋನು ಬಂತು. ಬಸ್ಸಿನ ಮೇಲೆ ಬಸ್ಸು ಹತ್ತಿ ಮನೆ ಮುಟ್ಟಿದೆ. ಅಕ್ಕನನ್ನು ಚಾವಡಿಯಲ್ಲಿ ಮಲಗಿಸಿದ್ದರು. ಸುತ್ತ ಜನ ನಿಂತಿದ್ದರು. ನನಗೆ ಮೊದಲು ಕಂಡದ್ದು ಅವಳ ಪಾದ. ನಡೆದು ನಡೆದು ಒಡೆದ ಹಿಮ್ಮಡಿ. ಮುಖ ಕಾಣಲು ಜನರ ನಡುವೆ ನುಗ್ಗಿ ಬಗ್ಗಬೇಕಾಯಿತು. ಅಕ್ಕ ಸುಮ್ಮನಿದ್ದಳು. ಚೀಲದಲ್ಲಿ ಹಾಳೆ, ಪೆನ್ಸಿಲ್ ಎರಡೂ ಇದ್ದವು. ಕೈ ಹೋಗಲಿಲ್ಲ.

ಏನಾಯಿತೋ ಕಾಣೆ, ಅವಳ ಹೆಗಲ ಕೆಳಗೆ ಕೈ ಹಾಕಿ ಎತ್ತತೊಡಗಿದೆ. "ಅಕ್ಕನ್ನ ಕುಂದ್ರಸ್ರಿ. ಮಾರಿ ಕಾಣವಲ್ದು" ಎಂದು ಕೂಗುತ್ತಿದ್ದೆನಂತೆ. ಹುಟ್ಟಿದ ಊರಿನಲ್ಲಿ, ನನ್ನವರ ನಡುವೆ, ಆ ಮಾತು ಒಬ್ಬರಿಗೂ ತಿಳಿಯಲಿಲ್ಲ.

"ಎಂತ ಮಾಡ್ತೆ ಮಾರಾಯ್ತಿ! ಬಿಡ್, ಮಲ್ಕಣ್ಲಿ ಅವ್ಳ್" ಎಂದು ಚಿಕ್ಕಮ್ಮ ನನ್ನನ್ನು ಎಳೆದುಕೊಂಡರು. ನೀವು ಕೆಲವರು ಅಲ್ಲಿದ್ದಿರಿ. ಗಿರಿಜಕ್ಕನ ತಂಗಿಗೆ ತಲೆ ಕೆಟ್ಟಿತು ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಬೇಸರವಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ನಿಮಗೆ ತಿಳಿಯಲಿ ಎಂದೇ ಇಷ್ಟನ್ನೂ ಬರೆದೆ.

ಸಿಂಧನೂರಿಗೆ ಮರಳಿ ಬಂದ ದಿನ ನೀಲಮ್ಮ ಮನೆಗೆ ಬಂದಳು. ನನ್ನ ಮನೆಯಲ್ಲಿ ನನಗೇ "ಕುಂದರ್ರಿ" ಎಂದು ಹೇಳಿ ಪಕ್ಕದಲ್ಲಿ ಕೂತಳು. ಆಮೇಲೆ ಕೇಳಿದಳು, "ಅಕ್ಕನ್ನ ಚೆಂದಾಗಿ ಕುಂದ್ರಸಿದ್ರೇನ್ರಿ?"

"ಇಲ್ಲ ನೀಲಮ್ಮ. ನಮ್ಮ ಕಡೆ ಮಲಗಿಸ್ತಾರೆ."

ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಹಂಗಾರ ಪಾಪ, ಹೋಗೋವಾಗ ಆಕಿ ಯಾರ ಮಾರೀನೂ ನೋಡ್ಲಿಲ್ಲೇನ್ರೀ?"